ಅಂತರಜಾಲದ ಧ್ವನಿಸಂಭಾಷಣೆಯಲ್ಲಿ ವಿಳಂಬವೂ ಬ್ಯಾಂಡ್‌ವಿಡ್ತೂ

ಹಳೆಯ ದೂರವಾಣಿ ಪದ್ಧತಿಯಲ್ಲಿ ಮಾತನಾಡುವ ಇಬ್ಬರಿಗಾಗಿ ಒಂದು ಮಾರ್ಗವು ಕರೆ ಮುಗಿಯುವವರೆಗೂ ಮೀಸಲಾಗಿರುತ್ತಿತ್ತು. ಅಂತರಜಾಲದಲ್ಲಿ ಸಾಮಾನ್ಯವಾಗಿ ಅಂಥ ಮೀಸಲು ಮಾರ್ಗವಿಲ್ಲ. ಧ್ವನಿಯನ್ನು ಅಂಕಿಗಳಾಗಿ ಪರಿವರ್ತಿಸಿ, ಸಣ್ಣ ತುಣುಕುಗಳಾಗಿ ವಿಭಾಗಿಸಿ, ಪ್ಯಾಕೆಟ್ ಎಂಬ ಕಟ್ಟುಗಳಲ್ಲಿ ಕಳುಹಿಸಲಾಗುತ್ತದೆ. ಒಂದು ಕಟ್ಟಿನಲ್ಲಿ ಎಷ್ಟು ಕಾಲದ ಮಾತನ್ನು ತುಂಬಬೇಕು? ಈ ಪ್ರಶ್ನೆಯು ಅಲ್ಪವೆಂದು ತೋರಿದರೂ ಸಂಭಾಷಣೆಯ ಸಹಜತೆಯೂ ಮಾರ್ಗದ ಮಿತವ್ಯಯವೂ ಇದನ್ನೇ ಅವಲಂಬಿಸಿವೆ.

ಒಂದೇ ಸಾಲಿನ ಪತ್ರಕ್ಕೂ ಪೂರ್ಣ ವಿಳಾಸವುಳ್ಳ ಲಕೋಟೆ ಬೇಕಷ್ಟೆ. ಅಂತೆಯೇ ಪ್ರತಿ ಪ್ಯಾಕೆಟ್ಟಿಗೂ ವಿಳಾಸ, ಕ್ರಮಸಂಖ್ಯೆ, ಕಾಲಸೂಚಿ ಮುಂತಾದವುಗಳನ್ನು ಹೊತ್ತ ಹೆಡರ್ ಅವಶ್ಯಕ. ಐಪಿ ನಾಲ್ಕನೆಯ ಆವೃತ್ತಿಯಲ್ಲಿ ಇದಕ್ಕೆ 20 ಬೈಟ್, ಯುಡಿಪಿಗೆ 8, ಆರ್‌ಟಿಪಿಗೆ 12, ಒಟ್ಟು 40 ಬೈಟ್ ತಗಲುತ್ತದೆ.

1996ರಲ್ಲಿ ಅಂಗೀಕೃತವಾದ ಜಿ.729 ಎಂಬ ಸಂಕೇತನ ವಿಧಾನವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇದು ಸೆಕೆಂಡಿಗೆ 64,000 ಬಿಟ್ಟುಗಳನ್ನು ಬೇಡುವ ಜಿ.711 ವಿಧಾನಕ್ಕೆ ಬದಲಾಗಿ 8,000 ಬಿಟ್ಟುಗಳಲ್ಲಿಯೇ ಮಾತನ್ನು ಅಡಕಗೊಳಿಸುತ್ತದೆ. 10 ಮಿಲಿಸೆಕೆಂಡಿನ ಮಾತು ಕೇವಲ 10 ಬೈಟ್. ಆದರೆ ಪ್ಯಾಕೆಟ್ಟಿಗೆ ಅಷ್ಟನ್ನೇ ತುಂಬಿದರೆ, ಹೆಡರ್ ಸೇರಿ ಸೆಕೆಂಡಿಗೆ 40,000 ಬಿಟ್ಟುಗಳು ಬೇಕಾಗುತ್ತವೆ. ಐದರಲ್ಲಿ ನಾಲ್ಕು ಪಾಲು ಬರಿಯ ಲಕೋಟೆಯೇ. 20 ಮಿಲಿಸೆಕೆಂಡ್ ತುಂಬಿದರೆ 24,000, 40ಕ್ಕೆ 16,000, 60ಕ್ಕೆ ಸುಮಾರು 13,300 ಬಿಟ್ಟುಗಳು ಸಾಕು. (ಸ್ಥಳೀಯ ಕೊಂಡಿಯ ಹೊರೆಯನ್ನು ಇಲ್ಲಿ ಗಣಿಸಿಲ್ಲ.)

ಹಾಗಾದರೆ ದೊಡ್ಡ ಪ್ಯಾಕೆಟ್ಟೇ ಮೇಲೆಂದು ಹೇಳಬಹುದೆ? ಹೇಳಲಾಗದು. 60 ಮಿಲಿಸೆಕೆಂಡಿನ ಪ್ಯಾಕೆಟ್ಟು, ಅದರ ಕೊನೆಯ ಧ್ವನಿ ಉಚ್ಚಾರವಾಗುವ ಮುನ್ನ ಹೊರಡಲಾರದು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸಿನಂತೆ ಬಾಯಿಯಿಂದ ಕಿವಿಗೆ ಒಮ್ಮುಖ ವಿಳಂಬವು 150 ಮಿಲಿಸೆಕೆಂಡಿನೊಳಗಿದ್ದರೆ ಬಹುಪಾಲು ಸಂಭಾಷಣೆಗಳಿಗೆ ಬಾಧೆಯಿಲ್ಲ. ವಿಳಂಬವು ಬಹಳ ಮೀರಿದಲ್ಲಿ ಇಬ್ಬರೂ ಒಮ್ಮೆಗೇ ಮಾತು ತೊಡಗಿ, ಒಮ್ಮೆಗೇ ನಿಲ್ಲಿಸುವ ಗೊಂದಲವುಂಟಾಗುತ್ತದೆ.

ಈಗ ಲೆಕ್ಕ ಹಾಕೋಣ. ಗಾಜಿನ ತಂತುವಿನಲ್ಲಿ ಬೆಳಕು 1,000 ಕಿಲೋಮೀಟರಿಗೆ ಸುಮಾರು 5 ಮಿಲಿಸೆಕೆಂಡ್ ತೆಗೆದುಕೊಳ್ಳುವುದರಿಂದ 10,000 ಕಿಲೋಮೀಟರಿಗೆ 50. ಜಿ.729 ಮುಂದಿನ ಧ್ವನಿಯನ್ನು ಪರಿಶೀಲಿಸಲು 5. ಏರುಪೇರಾಗಿ ಬರುವ ಪ್ಯಾಕೆಟ್ಟುಗಳನ್ನು ಸರಿಗೊಳಿಸಲು ಗ್ರಾಹಕಯಂತ್ರವು 40 ಮಿಲಿಸೆಕೆಂಡ್ ತಡೆದಿಡುತ್ತದೆಂದು ಭಾವಿಸೋಣ. 20ರ ಪ್ಯಾಕೆಟ್ಟಿನಿಂದ ಒಟ್ಟು 115 ಆಗಿ, ಮಾರ್ಗಮಧ್ಯದ ಸರದಿಗಳಿಗೆ 35 ಉಳಿಯುತ್ತದೆ. 60ರದರಿಂದ ಮೊತ್ತವು 155 ಆಗಿ ಮಿತಿ ಮೀರುತ್ತದೆ. ಮೇಲಾಗಿ, 20 ಮಿಲಿಸೆಕೆಂಡಿನ ಪ್ಯಾಕೆಟ್ಟೊಂದು ಕಳೆದುಹೋದರೆ ಯಂತ್ರವು ಆ ತೆರವನ್ನು ಬಹುಮಟ್ಟಿಗೆ ಮರೆಮಾಡಬಲ್ಲದು. 60 ಕಳೆದರೆ ಅಕ್ಷರವೇ ನಷ್ಟವಾಗಬಹುದು.

ಇದರಿಂದ ಅತಿ ಸಣ್ಣ ಪ್ಯಾಕೆಟ್ಟೇ ಶೀಘ್ರವೆಂದು ತಿಳಿಯುವುದೂ ಸರಿಯಲ್ಲ. ಸೆಕೆಂಡಿಗೆ 32,000 ಬಿಟ್ಟುಗಳ ಮಾರ್ಗದಲ್ಲಿ 10 ಮಿಲಿಸೆಕೆಂಡಿನ ಪ್ಯಾಕೆಟ್ಟುಗಳು ಹಿಡಿಸಲಾರವು. ಸರದಿ ಬೆಳೆದು, ಉಳಿಸಹೊರಟ ಕಾಲವೇ ಅಲ್ಲಿ ನಷ್ಟವಾಗುತ್ತದೆ. ಹೀಗೆ ಇಕ್ಕಟ್ಟಾದ ಮಾರ್ಗದಲ್ಲಿ ಎರಡು ಅತಿರೇಕಗಳೂ ವಿಳಂಬದಲ್ಲಿಯೇ ಪರ್ಯವಸಾನಗೊಳ್ಳುತ್ತವೆ. 20 ಮಿಲಿಸೆಕೆಂಡಿನ ವಾಡಿಕೆಯ ಔಚಿತ್ಯವು ಇಲ್ಲಿ ಸ್ಪಷ್ಟವಾಗುತ್ತದೆ.

ಹೆಡರನ್ನೇ ಕುಗ್ಗಿಸುವುದು ಮತ್ತೊಂದು ಪರಿಹಾರ. 1999ರಲ್ಲಿ ಪ್ರಕಟವಾದ ವಿಧಾನವೊಂದು 40 ಬೈಟನ್ನು ಸಾಮಾನ್ಯವಾಗಿ 2ರಿಂದ 4 ಬೈಟಿಗೆ ಇಳಿಸುತ್ತದೆ. ಆದರೆ ಅದು ಒಂದೊಂದು ಕೊಂಡಿಗೆ ಮಾತ್ರ ಅನ್ವಯಿಸತಕ್ಕದ್ದು. 2012ರ ಓಪಸ್ ವಿಧಾನದಲ್ಲಿ ತುಣುಕಿನ ಅವಧಿಯನ್ನು 2.5ರಿಂದ 60 ಮಿಲಿಸೆಕೆಂಡಿನವರೆಗೆ ಆರಿಸಿಕೊಳ್ಳಬಹುದು. ಸರ್ವತ್ರ ಸಲ್ಲುವ ಒಂದೇ ಅಳತೆಯಿಲ್ಲ. ಮಾರ್ಗದ ಅತ್ಯಂತ ಇಕ್ಕಟ್ಟಾದ ಕೊಂಡಿಯನ್ನು ಮೊದಲು ಗುರುತಿಸಿ, ಅನಂತರ ಪ್ಯಾಕೆಟ್ಟಿನ ಅಳತೆಯನ್ನು ನಿಶ್ಚಯಿಸುವುದೇ ಯುಕ್ತಕ್ರಮ.