ಸ್ನಾನಗೃಹದ ಗ್ಯಾಸ್ ಗೀಸರ್: ಹೊಗೆಕೊಳವೆಯ ದೋಷವನ್ನು ಗುರುತಿಸುವ ಹಾಗೂ ಸುರಕ್ಷಿತವಾಗಿ ಸರಿಪಡಿಸಿಕೊಳ್ಳುವ ಬಗ್ಗೆ ಮಾಹಿತಿ

ಅಡುಗೆ ಅನಿಲದ ಹೊಸ ಸಂಪರ್ಕಕ್ಕೆ ಅಥವಾ ಎರಡನೆಯ ಸಿಲಿಂಡರ್‌ಗೆ ಅರ್ಜಿ ಸಲ್ಲಿಸುವ ಗ್ರಾಹಕರಲ್ಲಿ ಅನೇಕರು ಅದೇ ಅನಿಲದಿಂದ ಸ್ನಾನದ ನೀರನ್ನೂ ಕಾಯಿಸಿಕೊಳ್ಳುತ್ತಾರೆ. ಸಿಲಿಂಡರ್, ರೆಗ್ಯುಲೇಟರ್ ಮತ್ತು ರಬ್ಬರ್ ಕೊಳವೆಯ ಸುರಕ್ಷತೆಯ ಬಗ್ಗೆ ಸಾರ್ವಜನಿಕರಲ್ಲಿ ಸಾಕಷ್ಟು ತಿಳಿವಳಿಕೆ ಇದೆ. ಆದರೆ ಗೀಸರ್‌ನಲ್ಲಿ ಉರಿದ ಅನಿಲವು ಹೊರಗೆ ಹೋಗುವ ಮಾರ್ಗದ ಬಗ್ಗೆ ವಿಚಾರಿಸುವವರು ಕಡಿಮೆ. ಸ್ನಾನಗೃಹದಲ್ಲಿ ಸಂಭವಿಸುವ ಸಾವುಗಳಿಗೆ ಅನಿಲ ಸೋರಿಕೆಗಿಂತಲೂ ಈ ಮಾರ್ಗದ ದೋಷವೇ ಹೆಚ್ಚಾಗಿ ಕಾರಣವಾಗುವುದರಿಂದ ಈ ಕೆಳಕಂಡ ವಿವರಗಳನ್ನು ನೀಡಲಾಗಿದೆ.

ವಾಸನೆಯಿಲ್ಲದ ಅಪಾಯ

ಅಡುಗೆ ಅನಿಲಕ್ಕೆ ಸ್ವಂತ ವಾಸನೆ ಇಲ್ಲ. ಸೋರಿಕೆ ಗೊತ್ತಾಗಲೆಂದು ಅದಕ್ಕೆ ಮರ್ಕ್ಯಾಪ್ಟನ್ ಎಂಬ ದುರ್ವಾಸನೆಯ ವಸ್ತುವನ್ನು ಬೆರೆಸಲಾಗುತ್ತದೆ. ಅನಿಲ ಉರಿದಾಗ ಈ ವಾಸನೆಯೂ ಉರಿದುಹೋಗುತ್ತದೆ. ಸಾಕಷ್ಟು ಗಾಳಿ ದೊರೆತರೆ ಅನಿಲವು ಇಂಗಾಲದ ಡೈಆಕ್ಸೈಡ್ ಮತ್ತು ನೀರಿನ ಆವಿಯಾಗುತ್ತದೆ. ಗಾಳಿ ಸಾಲದಿದ್ದಲ್ಲಿ ಕಾರ್ಬನ್ ಮೊನಾಕ್ಸೈಡ್ ಉತ್ಪತ್ತಿಯಾಗುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಇದು ಕಣ್ಣಿಗೆ ಉರಿಯನ್ನೂ ತರುವುದಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುವುದರಿಂದ ಅಲ್ಪ ಪ್ರಮಾಣವೂ ಪ್ರಾಣಕ್ಕೆ ಎರವಾಗಬಹುದು.

ಹಿಂದೆ ಬಚ್ಚಲುಮನೆಯಲ್ಲಿ ಹಂಡೆಯ ಒಲೆಗೆ ಸೌದೆ ಹಾಕುತ್ತಿದ್ದಾಗ ಹೊಗೆಯೇ ಎಚ್ಚರಿಕೆ ನೀಡುತ್ತಿತ್ತು. ಕಣ್ಣು ಉರಿದೊಡನೆ ಮನುಷ್ಯ ಹೊರಗೆ ಬರುತ್ತಿದ್ದ. ಹೆಂಚಿನ ಸಂದಿಯಿಂದಲೂ ಗಾಳಿ ಆಡುತ್ತಿತ್ತು. ಈಗಿನ ಕಾಂಕ್ರೀಟ್ ಸ್ನಾನಗೃಹದಲ್ಲಿ ಸಂದಿಯೂ ಇಲ್ಲ, ಕಣ್ಣುರಿಯೂ ಇಲ್ಲ.

ಎಷ್ಟು ಗಾಳಿ ಬೇಕು?

ಒಂದು ಕಿಲೋಗ್ರಾಂ ಅಡುಗೆ ಅನಿಲ ಪೂರ್ಣವಾಗಿ ಉರಿಯಲು ಸುಮಾರು 13 ಘನ ಮೀಟರ್ ಗಾಳಿ ಬೇಕು. ನಿಮಿಷಕ್ಕೆ 6 ಲೀಟರ್ ಬಿಸಿನೀರು ಕೊಡುವ ಗೀಸರ್ ಗಂಟೆಗೆ ಹೆಚ್ಚುಕಡಿಮೆ 0.9 ಕಿಲೋಗ್ರಾಂ ಅನಿಲ ಬಳಸುತ್ತದೆ. ಅಂದರೆ ಗಂಟೆಗೆ ಸುಮಾರು 12 ಘನ ಮೀಟರ್, 20 ನಿಮಿಷಕ್ಕೆ ಸುಮಾರು 4 ಘನ ಮೀಟರ್ ಗಾಳಿ. 5 ಅಡಿ ಉದ್ದ, 4 ಅಡಿ ಅಗಲ, 8 ಅಡಿ ಎತ್ತರದ ಸ್ನಾನಗೃಹದಲ್ಲಿ ಇರುವುದು 160 ಘನ ಅಡಿ, ಅಂದರೆ ಸುಮಾರು 4.5 ಘನ ಮೀಟರ್ ಗಾಳಿ ಮಾತ್ರ. ಮನೆಯ ಇಬ್ಬರು ಒಬ್ಬರ ಹಿಂದೊಬ್ಬರು ಸ್ನಾನ ಮುಗಿಸುವಷ್ಟರಲ್ಲಿ ಗೀಸರ್ ಕೋಣೆಯ ಬಹುಪಾಲು ಗಾಳಿಯನ್ನು ಕೇಳುತ್ತದೆ. ಗಾಳಿಯಲ್ಲಿ ಶೇಕಡ 21ರಷ್ಟಿರುವ ಆಮ್ಲಜನಕ ಸ್ವಲ್ಪ ತಗ್ಗಿದರೂ ಜ್ವಾಲೆ ಕೆಡಲಾರಂಭಿಸುವುದರಿಂದ ಅಪಾಯವು ಅದಕ್ಕೂ ಬಹಳ ಮುಂಚಿತವಾಗಿಯೇ ಬರುತ್ತದೆ. ಕೆಲವು ಮಾದರಿಗಳು 20 ನಿಮಿಷಗಳ ನಂತರ ತಾವಾಗಿಯೇ ಆರುತ್ತವೆ. ಇದನ್ನು ಯಂತ್ರದ ದೋಷವೆಂದು ಭಾವಿಸಿ ತಕ್ಷಣ ಮತ್ತೆ ಹಚ್ಚುವುದು ಸರಿಯಲ್ಲ.

ತಮ್ಮ ಗೀಸರ್ ಯಾವ ಬಗೆಯದು?

ಮೊದಲು ಇದನ್ನು ತಿಳಿದುಕೊಳ್ಳತಕ್ಕದ್ದು. ಹೊಗೆಕೊಳವೆಯೇ ಇಲ್ಲದ ಚಿಕ್ಕ ಗೀಸರ್‌ಗಳು ಉರಿದ ಅನಿಲವನ್ನು ಕೋಣೆಯೊಳಕ್ಕೇ ಬಿಡುತ್ತವೆ. ಇಂತಹವುಗಳನ್ನು ಸ್ನಾನಗೃಹದೊಳಗೆ ಅಳವಡಿಸಲೇಬಾರದು. ತೆರೆದ ಬಾಲ್ಕನಿಯಲ್ಲಿ ಇರಿಸಿ, ಬಿಸಿನೀರನ್ನು ಮಾತ್ರ ಕೊಳವೆಯ ಮೂಲಕ ಒಳಗೆ ತರತಕ್ಕದ್ದು. ಎರಡನೆಯ ಬಗೆಯವು ಬಿಸಿ ಅನಿಲವನ್ನು ಮೇಲ್ಮುಖವಾದ ಹೊಗೆಕೊಳವೆಯ ಮೂಲಕ ಹೊರಗೆ ಕಳುಹಿಸುತ್ತವೆ, ಆದರೆ ಉರಿಯಲು ಬೇಕಾದ ಗಾಳಿಯನ್ನು ಕೋಣೆಯಿಂದಲೇ ಪಡೆಯುತ್ತವೆ. ಮೂರನೆಯ ಬಗೆಯಲ್ಲಿ ಗಾಳಿ ಬರುವುದೂ ಅನಿಲ ಹೋಗುವುದೂ ಹೊರಗಿನಿಂದಲೇ. ಇವು ಬೆಲೆಯಲ್ಲಿ ಹೆಚ್ಚಾದರೂ ಕೋಣೆಯ ಗಾಳಿಯನ್ನು ಮುಟ್ಟುವುದಿಲ್ಲ. ಖರೀದಿಸುವಾಗ ಭಾರತೀಯ ಮಾನಕ 15558ರ ಐಎಸ್‌ಐ ಗುರುತನ್ನು ನೋಡಿಕೊಳ್ಳುವುದು. ಆದರೆ ಈ ಗುರುತು ಉಪಕರಣದ ಗುಣಮಟ್ಟಕ್ಕೆ ಸಂಬಂಧಿಸಿದ್ದೇ ಹೊರತು ಅದನ್ನು ತೂಗುಹಾಕಿದ ಜಾಗಕ್ಕಲ್ಲ. ಸಿಲಿಂಡರ್ ಅನಿಲಕ್ಕೆ ತಯಾರಾದ ಗೀಸರನ್ನು ಕೊಳವೆ ಮೂಲಕ ಬರುವ ನೈಸರ್ಗಿಕ ಅನಿಲಕ್ಕೆ ಜೋಡಿಸುವ ಮುನ್ನ ತಯಾರಕರ ತಂತ್ರಜ್ಞರಿಂದ ಜೆಟ್ ಬದಲಾಯಿಸಿಕೊಳ್ಳುವುದು ಕಡ್ಡಾಯವಾಗಿ ಆಗಬೇಕಾದ ಕೆಲಸ.

ದೋಷದ ಲಕ್ಷಣಗಳು

ಸರಿಯಾಗಿ ಉರಿಯುವ ಜ್ವಾಲೆ ನೀಲಿಯಾಗಿದ್ದು ಸ್ಥಿರವಾಗಿರುತ್ತದೆ. ಜ್ವಾಲೆ ಹಳದಿಯಾಗಿ ಮೇಲಕ್ಕೆ ನಾಲಿಗೆ ಚಾಚುತ್ತಿದ್ದರೆ, ಗೀಸರ್‌ನ ಮೇಲ್ಭಾಗದ ಗೋಡೆಯಲ್ಲಿ ಮಸಿ ಅಥವಾ ಕಂದು ಕಲೆ ಕಂಡರೆ, ಎಂದಿಗಿಂತ ಹೆಚ್ಚಾಗಿ ಕಿಟಕಿಯ ಗಾಜಿನಲ್ಲಿ ನೀರು ಇಳಿಯುತ್ತಿದ್ದರೆ ಅನಿಲ ಹೊರಗೆ ಹೋಗುತ್ತಿಲ್ಲವೆಂದು ಭಾವಿಸತಕ್ಕದ್ದು. ನೀಲಿ ಜ್ವಾಲೆ ಇದ್ದ ಮಾತ್ರಕ್ಕೆ ಎಲ್ಲವೂ ಸರಿಯಿದೆ ಎಂದು ತಿಳಿಯಲಾಗದು.

ಯಂತ್ರಕ್ಕಿಂತ ಮೊದಲು ಮನುಷ್ಯರಲ್ಲೇ ಲಕ್ಷಣ ಕಾಣಿಸುವುದುಂಟು. ಸ್ನಾನದ ವೇಳೆ ತಲೆನೋವು, ತಲೆಸುತ್ತು, ವಾಕರಿಕೆ, ಕಾಲು ಸೋಲುವುದು, ಹೊರಗೆ ಬಂದ ಸ್ವಲ್ಪ ಹೊತ್ತಿನಲ್ಲಿ ಸರಿಹೋಗುವುದು: ಇದು ಎರಡು ಬಾರಿ ನಡೆದರೆ ಸಾಕು, ಗೀಸರ್ ನಿಲ್ಲಿಸತಕ್ಕದ್ದು. ಸ್ನಾನಗೃಹದಲ್ಲಿ ಪ್ರಜ್ಞೆ ತಪ್ಪಿ ಕೈಕಾಲು ಸೆಟೆದುಕೊಂಡವರನ್ನು ಮೂರ್ಛೆರೋಗಿಗಳೆಂದು ತಿಳಿದು ಚಿಕಿತ್ಸೆ ನೀಡಿದ ಪ್ರಕರಣಗಳನ್ನು ನಮ್ಮ ದೇಶದ ವೈದ್ಯರು ವರದಿ ಮಾಡಿದ್ದಾರೆ. ವೈದ್ಯಕೀಯ ಬರಹಗಳಲ್ಲಿ ಇದಕ್ಕೆ ಗ್ಯಾಸ್ ಗೀಸರ್ ಸಿಂಡ್ರೋಮ್ ಎಂದೇ ಹೆಸರಿದೆ. ಮಾತ್ರೆ ನುಂಗುತ್ತಾ ಅದೇ ಸ್ನಾನಗೃಹಕ್ಕೆ ಮರಳುವ ರೋಗಿಯ ಅಪಾಯ ಕಡಿಮೆಯಾಗುವುದಿಲ್ಲ. ಆದುದರಿಂದ ವೈದ್ಯರು ಕೇಳದಿದ್ದರೂ ಮನೆಯಲ್ಲಿ ಗ್ಯಾಸ್ ಗೀಸರ್ ಇರುವ ವಿಷಯವನ್ನು ತಿಳಿಸತಕ್ಕದ್ದು.

ಗ್ರಾಹಕರು ತಾವೇ ಪರಿಶೀಲಿಸಬಹುದಾದ ಅಂಶಗಳು

ಗೀಸರ್ ಆರಿಸಿ, ರೆಗ್ಯುಲೇಟರ್ ಬಂದ್ ಮಾಡಿ, ಕೊಳವೆ ತಣ್ಣಗಾದ ಮೇಲೆ ಕಣ್ಣಿನಿಂದ ನೋಡುವಷ್ಟು ಮಾತ್ರ ಗ್ರಾಹಕರ ಕೆಲಸ. ಹೊಗೆಕೊಳವೆ ಲೋಹದ್ದಾಗಿರಬೇಕು. ನೀರಿನ ಪಿವಿಸಿ ಕೊಳವೆಯನ್ನು ಜೋಡಿಸಿರುವುದು ಕಂಡುಬಂದಲ್ಲಿ ಮುಂದಿನ ಪರಿಶೀಲನೆಯ ಅಗತ್ಯವೇ ಇಲ್ಲ, ಬಳಕೆ ನಿಲ್ಲಿಸುವುದು. ಕೊಳವೆಯ ವ್ಯಾಸ ಗೀಸರ್‌ನ ಬಾಯಿಗಿಂತ ಕಿರಿದಾಗಿರಬಾರದು. ಕೀಲುಗಳು ಬಿಟ್ಟುಕೊಂಡಿವೆಯೇ, ತುಕ್ಕು ತೂತು ಮಾಡಿದೆಯೇ, ಹೊರತುದಿಯಲ್ಲಿ ಪಾರಿವಾಳ ಅಥವಾ ಕಣಜ ಗೂಡು ಕಟ್ಟಿದೆಯೇ ಎಂಬುದನ್ನು ನೋಡಿಕೊಳ್ಳುವುದು. ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಬಳಸದ ಗೀಸರನ್ನು ಮಳೆಗಾಲದಲ್ಲಿ ಮತ್ತೆ ಹಚ್ಚುವ ಮೊದಲು ಈ ನೋಟ ವಿಶೇಷವಾಗಿ ಅಗತ್ಯ.

ಕೊಳವೆಯ ಹೊರತುದಿ ಎಲ್ಲಿಗೆ ತೆರೆಯುತ್ತದೆ ಎಂಬುದು ಇನ್ನೂ ಮುಖ್ಯ. ಬೆಂಗಳೂರಿನಂತಹ ನಗರಗಳ ಬಹುಮಹಡಿ ಕಟ್ಟಡಗಳಲ್ಲಿ ಮೊದಲು ತೆರೆದಿದ್ದ ಯುಟಿಲಿಟಿ ಬಾಲ್ಕನಿಗೆ ನಂತರ ಗಾಜು ಹಾಕಿ ಮುಚ್ಚಿಕೊಳ್ಳುವುದು ಸಾಮಾನ್ಯ. ಅಲ್ಲಿಗೆ ಬಂದ ಅನಿಲ ಮನೆಯೊಳಕ್ಕೇ ಮರಳುತ್ತದೆ. ಕೊಳವೆಯನ್ನು ಕಟ್ಟಡದ ಇಕ್ಕಟ್ಟಾದ ಡಕ್ಟ್‌ಗೆ ಬಿಟ್ಟಿದ್ದಲ್ಲಿ ಮೇಲಿನ ಮನೆಯವರ ಸ್ನಾನಗೃಹದ ಕಿಟಕಿಯೂ ಅದೇ ಡಕ್ಟ್‌ಗೆ ತೆರೆದಿರಬಹುದು. ಇದು ನೆರೆಯವರ ಪ್ರಾಣದ ಪ್ರಶ್ನೆ.

ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಸಾಕು ಎಂಬ ಅಭಿಪ್ರಾಯವನ್ನು ಹಲವರು ವ್ಯಕ್ತಪಡಿಸುತ್ತಾರೆ. ಇದು ಅರ್ಧ ಸತ್ಯ. ಬಾಗಿಲ ಕೆಳಗೆ ಅಥವಾ ಗೋಡೆಯಲ್ಲಿ ಗಾಳಿ ಒಳಬರುವ ಶಾಶ್ವತ ಕಿಂಡಿ ಇಲ್ಲದಿದ್ದರೆ ಫ್ಯಾನು ಹೊಗೆಕೊಳವೆಯ ಮೂಲಕವೇ ಗಾಳಿಯನ್ನು ಒಳಗೆಳೆಯುತ್ತದೆ. ಹೊರಗೆ ಹೋಗಬೇಕಾದ ಅನಿಲವೂ ಅದರೊಂದಿಗೆ ಕೆಳಗಿಳಿಯುತ್ತದೆ. ಚಳಿಯೆಂದು ಕಿಂಡಿಗೆ ಬಟ್ಟೆ ಅಥವಾ ಕಾಗದ ತುರುಕುವ ಅಭ್ಯಾಸವನ್ನು ಬಿಡತಕ್ಕದ್ದು.

ತಂತ್ರಜ್ಞರಿಗೆ ಬಿಡತಕ್ಕ ಕೆಲಸ

ಬರ್ನರ್ ಬಿಚ್ಚುವುದು, ಜೆಟ್ ಚುಚ್ಚಿ ಸ್ವಚ್ಛಗೊಳಿಸುವುದು, ಹೊಗೆಕೊಳವೆಯನ್ನು ಮರುಜೋಡಿಸುವುದು, ಸುರಕ್ಷತಾ ಸೆನ್ಸಾರನ್ನು ತಪ್ಪಿಸಿ ತಂತಿ ಜೋಡಿಸುವುದು ಇವುಗಳನ್ನು ಗ್ರಾಹಕರಾಗಲಿ ಸ್ಥಳೀಯ ಕೊಳಾಯಿ ಕೆಲಸಗಾರರಾಗಲಿ ಮಾಡತಕ್ಕದ್ದಲ್ಲ. ಸಿಲಿಂಡರ್, ರೆಗ್ಯುಲೇಟರ್, ರಬ್ಬರ್ ಕೊಳವೆಯ ಸೋರಿಕೆ ತಪಾಸಣೆಗೆ ಅನಿಲ ವಿತರಕರ ಮೆಕ್ಯಾನಿಕ್‌ರನ್ನು, ಗೀಸರ್ ಮತ್ತು ಹೊಗೆಕೊಳವೆಗೆ ತಯಾರಕರ ಅಧಿಕೃತ ಸೇವಾ ಕೇಂದ್ರವನ್ನು ಕೋರಬೇಕು. ಒಂದರ ತಪಾಸಣೆ ಆದರೆ ಇನ್ನೊಂದರದ್ದೂ ಆಯಿತೆಂದು ಭಾವಿಸಬಾರದು.

ತಂತ್ರಜ್ಞರು ಬಂದಾಗ ಸೆಳೆತದ ಪರೀಕ್ಷೆ ಮಾಡಿ ತೋರಿಸುವಂತೆ ಕೇಳುವುದು. ಅನಿಲದ ವಾಸನೆ ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ಬಾಗಿಲು, ಕಿಟಕಿ ಮುಚ್ಚಿ, ಫ್ಯಾನ್ ಹಾಕಿ, ಗೀಸರ್ ಹಚ್ಚಿ ಕೆಲವು ನಿಮಿಷಗಳ ನಂತರ ಅದರ ಮೇಲಿನ ತೆರಪಿನ ಬಳಿ ಊದುಬತ್ತಿಯ ಹೊಗೆ ಹಿಡಿದರೆ ಅದು ಕೊಳವೆಯೊಳಕ್ಕೆ ಸೆಳೆಯಲ್ಪಡಬೇಕು. ಹೊಗೆ ಕೋಣೆಯ ಕಡೆಗೆ ತಿರುಗಿದಲ್ಲಿ ಗೀಸರ್ ಬಳಕೆಗೆ ಯೋಗ್ಯವಲ್ಲ. ಈ ಪರೀಕ್ಷೆಯನ್ನು ಮನೆಯವರು ಒಂಟಿಯಾಗಿ ಮಾಡತಕ್ಕದ್ದಲ್ಲ. ಮಾಡಿದ ಕೆಲಸದ ವಿವರ ಮತ್ತು ದಿನಾಂಕವಿರುವ ರಸೀದಿಯನ್ನು ಪಡೆದು ಇಟ್ಟುಕೊಳ್ಳುವುದು. ಬಾಡಿಗೆದಾರರು ಅದರ ಪ್ರತಿಯನ್ನು ಮನೆಯ ಮಾಲೀಕರಿಗೂ ಕೊಡುವುದು ಸೂಕ್ತ. ಗೀಸರ್ ಯಾರದ್ದು ಎಂಬ ಚರ್ಚೆಯಲ್ಲಿ ದುರಸ್ತಿ ನಿಂತುಹೋಗುವುದು ಬಾಡಿಗೆ ಮನೆಗಳಲ್ಲಿಯೇ ಹೆಚ್ಚು.

ದುರಸ್ತಿಯಾಗುವವರೆಗೆ ನೀರನ್ನು ಅಡುಗೆಮನೆಯಲ್ಲಿ ಕಾಯಿಸಿಕೊಳ್ಳುವುದು. ದೋಷವಿಲ್ಲದ ಗೀಸರ್ ಇದ್ದಾಗಲೂ ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಬಾಗಿಲು ತೆರೆದು ಗಾಳಿ ಆಡಿದ ನಂತರ ಸ್ನಾನಕ್ಕೆ ಹೋಗುವುದು ಉತ್ತಮ. ಕಾರ್ಬನ್ ಮೊನಾಕ್ಸೈಡ್ ಎಚ್ಚರಿಕೆ ಗಂಟೆಗಳು ಮಾರುಕಟ್ಟೆಯಲ್ಲಿ ದೊರೆಯುತ್ತವೆ. ಅಡುಗೆ ಅನಿಲ ಸೋರಿಕೆಯ ಗಂಟೆ ಬೇರೆ, ಇದು ಬೇರೆ. ಸ್ನಾನಗೃಹದ ತೇವದಲ್ಲಿ ಅದು ಕೆಡುವುದರಿಂದ ಪಕ್ಕದ ಕೋಣೆಯಲ್ಲಿ ಅಳವಡಿಸುವುದು.

ಯಾರಾದರೂ ಕುಸಿದುಬಿದ್ದಲ್ಲಿ

ಬಾಗಿಲು ತಟ್ಟಿದಾಗ ಉತ್ತರ ಬಾರದಿದ್ದರೆ ಕಾಯದೆ ಬಾಗಿಲು ಒಡೆಯುವುದು. ಒಳಗೆ ಹೋಗುವವರು ಉಸಿರು ಬಿಗಿಹಿಡಿದು, ಬಿದ್ದವರನ್ನು ಮೊದಲು ತೆರೆದ ಗಾಳಿಗೆ ಎಳೆದು ತರತಕ್ಕದ್ದು. ಮತ್ತೊಬ್ಬರು ರೆಗ್ಯುಲೇಟರ್ ಮುಚ್ಚುವುದು. 108ಕ್ಕೆ ಕರೆ ಮಾಡಿ ಆಮ್ಲಜನಕ ಬೇಕೆಂದು ತಿಳಿಸುವುದು. ಕೋವಿಡ್ ಕಾಲದಲ್ಲಿ ಕೊಂಡ, ಬೆರಳಿಗೆ ಹಾಕುವ ಪಲ್ಸ್ ಆಕ್ಸಿಮೀಟರನ್ನು ಇಲ್ಲಿ ನಂಬತಕ್ಕದ್ದಲ್ಲ. ಅದು ಕಾರ್ಬನ್ ಮೊನಾಕ್ಸೈಡ್ ತುಂಬಿದ ರಕ್ತವನ್ನೂ ಆಮ್ಲಜನಕ ತುಂಬಿದ ರಕ್ತವೆಂದೇ ಓದಿ, 98 ಎಂದು ತೋರಿಸಬಹುದು. ಎಚ್ಚರಗೊಂಡು ಚೇತರಿಸಿಕೊಂಡಂತೆ ಕಂಡರೂ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ಸಾಮಾನ್ಯ ಗಾಳಿಯಲ್ಲಿ ರಕ್ತದಲ್ಲಿನ ವಿಷ ಅರ್ಧಕ್ಕಿಳಿಯಲು ನಾಲ್ಕರಿಂದ ಆರು ಗಂಟೆ ಬೇಕು. ಶುದ್ಧ ಆಮ್ಲಜನಕ ನೀಡಿದರೆ ಸುಮಾರು ಒಂದರಿಂದ ಒಂದೂವರೆ ಗಂಟೆ ಸಾಕು.

ಇದಕ್ಕೆ ಬದಲಾಗಿ ಅನಿಲ ಸೋರಿಕೆಯ ವಾಸನೆ ಬಂದಲ್ಲಿ ಯಾವುದೇ ಸ್ವಿಚ್ ಹಾಕದೆ, ಆರಿಸದೆ, ರೆಗ್ಯುಲೇಟರ್ ಮುಚ್ಚಿ, ಹೊರಗೆ ಬಂದ ಮೇಲೆ ದೂರವಾಣಿ ಬಳಸುವುದು. ಸಿಲಿಂಡರ್ ಅನಿಲದ ಸೋರಿಕೆಗೆ ದಿನದ 24 ಗಂಟೆಯೂ ಸಹಾಯವಾಣಿ 1906 ಲಭ್ಯವಿರುತ್ತದೆ. ಇತರೆ ತುರ್ತು ನೆರವಿಗೆ 112. ಕರೆ ಮಾಡುವಾಗ ಗ್ರಾಹಕ ಸಂಖ್ಯೆ, ವಿತರಕರ ಹೆಸರು ಮತ್ತು ವಿಳಾಸದ ಗುರುತನ್ನು ತಿಳಿಸಬೇಕಾಗುವುದರಿಂದ ಇವುಗಳನ್ನು ಅನಿಲ ಪುಸ್ತಕದ ಮೊದಲ ಪುಟದಲ್ಲಿ ಬರೆದು, ಮನೆಯವರೆಲ್ಲರಿಗೂ ಸಿಗುವ ಜಾಗದಲ್ಲಿ ಇರಿಸತಕ್ಕದ್ದು.