ಎರೆಭೂಮಿಯಲ್ಲಿ ಕಾಯಿಪಲ್ಲೆ
ಯರಗುಪ್ಪಿಯ ಒಂದು ಹಿತ್ತಲಿನ ಮೊದಲ ವರ್ಷ

ಹುಬ್ಬಳ್ಳಿಯನ್ನು ಬಿಟ್ಟು ಕುಂದಗೋಳದ ಸೀಮೆಯನ್ನು ಹೊಕ್ಕೊಡನೆ ಕಣ್ಣು ಹರಿಯುವಷ್ಟು ದೂರವೂ ಎರೆಭೂಮಿ. ಮುಂಗಾರಿನಲ್ಲಿ ಹತ್ತಿ, ಮೆಣಸಿನಕಾಯಿ, ಶೇಂಗಾ, ಹೆಸರು. ಹಿಂಗಾರಿನಲ್ಲಿ ಬಿಳಿಜೋಳ, ಕಡಲೆ, ಗೋದಿ, ಕುಸುಬೆ. ಇಂಥ ಸೀಮೆಯ ಯರಗುಪ್ಪಿಯಲ್ಲಿ ಮನೆಗೆ ನಾಲ್ಕು ಕಾಯಿಪಲ್ಲೆ ಬೆಳೆದುಕೊಳ್ಳುವುದೇನು ಮಹಾ ಕಷ್ಟವೆಂದು ಪಟ್ಟಣದ ವಾಚಕರಿಗೆ ತೋರುವುದು ಸಹಜ. ಆದರೆ ಹೊಲದ ಬೆಳೆ ಬೇರೆ, ಹಿತ್ತಲಿನ ಬೆಳೆ ಬೇರೆ. ಹತ್ತಿಯನ್ನು ಸಲಹಿದ ಮಣ್ಣು ಗಜ್ಜರಿಯನ್ನೂ ಸಲಹೀತೆಂಬ ನಿಯಮವಿಲ್ಲ.

ನಮ್ಮ ಅಕ್ಕನ ಅತ್ತೆಯವರ ಮನೆ ಇರುವುದು ಈ ಊರಿನಲ್ಲಿ. ಮನೆಯ ಹಿಂದೆ ಮೂರು ಗುಂಟೆ ಹಿತ್ತಲು. ಎಂದರೆ ಸುಮಾರು 3,270 ಚದರ ಅಡಿ. ಮಾವನವರು ತೀರಿಕೊಂಡ ಮೇಲೆ ಅಲ್ಲಿ ಬಳ್ಳಾರಿ ಜಾಲಿಯದೇ ರಾಜ್ಯಭಾರ. ಮನೆ ಕಟ್ಟಿಸಲು ಆ ಜಾಗವನ್ನು ಕೊಡುವಿರಾ ಎಂದು ಒಬ್ಬರು ಬಹಳ ದಿನಗಳಿಂದ ಕೇಳುತ್ತಿದ್ದರು. ಮಕ್ಕಳಿಗೆ ಒಪ್ಪಿಗೆಯಿತ್ತು, ಎಂಬತ್ತು ದಾಟಿದ ಅತ್ತೆಯವರಿಗೆ ಇರಲಿಲ್ಲ. 2024ರ ಯುಗಾದಿಗೆ ಅಕ್ಕ, ಭಾವ ಊರಿಗೆ ಹೋದಾಗ ಆ ಹಿರಿಯ ಜೀವ ಒಂದು ಕರಾರು ಮುಂದಿಟ್ಟಿತು: "ಒಂದ ವರ್ಷ ಮಾಡಿ ನೋಡ್ರೆಪಾ. ಮನೀಗೆ ಸಾಕಾಗೋವಷ್ಟು ಪಲ್ಲೆ ಹುಟ್ಟಿದ್ರ ಹಿತ್ತಲಾ ಇರ್ಲಿ. ಹುಟ್ಟಲಿಲ್ಲಂದ್ರ ಕೊಟ್ಟಬಿಡ್ರಿ, ನಾ ಒಂದ ಮಾತ ಅನ್ನೂದಿಲ್ಲ."

ಬ್ಯಾಂಕಿನ ಕೆಲಸದಿಂದ ನಿವೃತ್ತರಾಗಿದ್ದ ಭಾವನವರಿಗೆ ಬಿಡುವಿತ್ತು, ಉತ್ಸಾಹವಿತ್ತು, ಹೊಸ ಸಲಿಕೆಯೂ ಬಂತು. ರಾಜ್ಯದ ಬಹುಪಾಲು ತಾಲೂಕುಗಳು 2023ರಲ್ಲಿ ಬರಪೀಡಿತವೆಂದು ಘೋಷಿತವಾಗಿದ್ದ ನೆನಪು ಇನ್ನೂ ಹಸಿಯಾಗಿದ್ದರೂ, ಈ ಸಲ ಮಿರಗದ ಮಳೆ ಹೊತ್ತಿಗೆ ಸರಿಯಾಗಿ ಬಂದು ಧೈರ್ಯ ಕೊಟ್ಟಿತು.

ಮಣ್ಣಿನ ಸ್ವಭಾವ

ಎರೆಮಣ್ಣು ಬಹಳ ಜಿಗುಟು. ಅದರಲ್ಲಿನ ಜೇಡಿಯ ಕಣಗಳು ನೀರು ಕುಡಿದು ಉಬ್ಬುತ್ತವೆ, ಒಣಗಿದಾಗ ಕುಗ್ಗುತ್ತವೆ. ಬೇಸಗೆಯಲ್ಲಿ ಕೈ ತೂರುವಷ್ಟು ಬಿರುಕು, ಮಳೆಗಾಲದಲ್ಲಿ ಹೆಜ್ಜೆಗೊಂದು ಸೇರು ಮಣ್ಣು ಕಾಲಿಗೆ. ಇವೆರಡರ ನಡುವೆ ಹದವೆಂಬುದು ಕೆಲವೇ ದಿನಗಳ ಅತಿಥಿ. ಮಳೆ ನಿಂತ ಮರುದಿನವೇ ಭಾವನವರು ಅಗೆಸಿದರು. ಎದ್ದ ಹೆಂಟೆಗಳು ಬಿಸಿಲಿಗೆ ಒಣಗಿ ಇಟ್ಟಿಗೆಗಳಾದವು. ಆ ಹೆಂಟೆಗಳ ನಡುವೆ ಊರಿದ ಗಜ್ಜರಿಯ ಬೀಜದಿಂದ ಕಡೆಗೆ ದೊರೆತದ್ದು ಎರಡು ಮೂರು ಕಾಲುಗಳಾಗಿ ಕವಲೊಡೆದ, ಕಿರುಬೆರಳಿನ ಗಾತ್ರದ ಗಡ್ಡೆಗಳು. ಮೊಮ್ಮಕ್ಕಳಿಗೆ ಅವು ಆಟದ ಬೊಂಬೆಗಳಾದುವೆಂಬುದೊಂದೇ ಲಾಭ.

ಕೋತಂಬರಿಗೆ ಬಂದ ಗತಿಯೂ ಅದೇ. ಮೂರು ದಿನ ನಿಂತ ನೀರಿನಲ್ಲಿ ಬೇರು ಕೊಳೆತು ಹೋಯಿತು. ಆ ಮೇಲೆ ಅಕ್ಕ ಮಡಿಗಳನ್ನು ಗೇಣುದ್ದ ಎತ್ತರಿಸಿ, ನಡುವೆ ಕಾಲುವೆ ಬಿಡಿಸಿ, ತಿಪ್ಪೆಗೊಬ್ಬರವನ್ನು ಧಾರಾಳವಾಗಿ ಬೆರೆಸಿದಳು. ಎರಡನೆಯ ಬಾರಿ ಹಾಕಿದ ಮೆಂತ್ಯ ಅಂಗೈ ಎತ್ತರ ಬಂದಾಗ ನೆರೆಮನೆಯ ಕೋಳಿಗಳು ಮೊದಲ ಕೊಯ್ಲು ನಡೆಸಿದವು. ಉಳಿದುದು ಮನೆಗೆ ಸಾಕಾಯಿತು.

ಹೆಚ್ಚು ನೋವು ತಂದದ್ದು ಬೀನ್ಸು. ಮಳೆಯಿರುವ ತನಕ ಹಸುರಾಗಿ ನಗುತ್ತಿದ್ದ ಗಿಡಗಳು, ಮಳೆ ಬಿಡುವು ಕೊಟ್ಟು ಬೋರಿನ ನೀರು ಹಾಯಿಸತೊಡಗಿದ ಹತ್ತು ದಿನಗಳಲ್ಲಿ ಎಲೆಯಂಚು ಸುಟ್ಟುಕೊಂಡು ಸೊರಗಿದವು. ಕಾರಣ ಗೂಢವೇನಲ್ಲ: ನೀರು ಸವುಳು. ಕಾಯಿಪಲ್ಲೆಗಳಲ್ಲಿ ಉಪ್ಪಿಗೆ ಅತಿ ಬೇಗ ಸೋಲುವವುಗಳಲ್ಲಿ ಬೀನ್ಸು ಒಂದು. ಗಜ್ಜರಿ, ಉಳ್ಳಾಗಡ್ಡಿಗಳೂ ಅದೇ ಜಾತಿ. ಬೀಟರೂಟು ಬಹಳಷ್ಟು ತಾಳಿಕೊಳ್ಳುತ್ತದೆ. ಪಕ್ಕದ ಮಡಿಯ ಚವಳಿಕಾಯಿಯಂತೂ ಅದೇ ನೀರು ಕುಡಿದು, ಏನೂ ನಡೆದೇ ಇಲ್ಲವೆಂಬಂತೆ ಗೊಂಚಲು ಗೊಂಚಲಾಗಿ ಕಾಯಿ ಬಿಟ್ಟಿತು.

ಹುಳು ಮತ್ತು ಗಾಳಿಯ ಶತ್ರುಗಳು

ಬೆಂಡೆ ಆರು ವಾರ ಚೆನ್ನಾಗಿ ಕೊಟ್ಟಿತು. ಬಳಿಕ ಎಲೆಯ ನರಗಳು ಹಳದಿಗೆ ತಿರುಗಿದವು. ಬಿಳಿನೊಣ ಹೊತ್ತು ತರುವ ಈ ನಂಜುರೋಗಕ್ಕೆ ಮದ್ದಿಲ್ಲ. ರೋಗ ಹಿಡಿದ ಗಿಡವನ್ನು ಕಿತ್ತು ಸುಡುವುದೊಂದೇ ಉಪಾಯ.

ಬದನೆಗೆ ಕಾಯಿಕೊರಕನ ಕಾಟ. ಈ ಹುಳು ಮೊದಲು ಕುಡಿಯನ್ನು ಕೊರೆಯುತ್ತದೆ, ಅನಂತರ ಕಾಯಿಯನ್ನು. ಇದರ ನಿವಾರಣೆಗೆಂದೇ ಧಾರವಾಡದ ಕೃಷಿ ವಿಶ್ವವಿದ್ಯಾಲಯವು ಮಾಳಾಪುರ, ಕುಡಚಿ ಮುಂತಾದ ನಾಡ ತಳಿಗಳಲ್ಲಿ ಕುಲಾಂತರಿ ಬದನೆಯನ್ನು ಸಿದ್ಧಪಡಿಸಿತ್ತು. 2010ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ಕುಲಾಂತರಿ ಬದನೆಗೇ ತಡೆ ಹಾಕಿತು. ಆ ವಾದದಲ್ಲಿ ಯಾವ ಪಕ್ಷ ಸರಿಯೆಂಬುದು ಇಲ್ಲಿ ಬೇಡ. ಹಿತ್ತಲಿನ ಹತ್ತು ಗಿಡಗಳಿಗೆ ಅಷ್ಟು ದೊಡ್ಡ ಆಯುಧವೂ ಬೇಡ. ಬಾಡಿದ ಕುಡಿಯನ್ನು ಕಂಡೊಡನೆ ಹುಳುಸಹಿತ ಚಿವುಟಿ ಸುಡುವುದು, ಲೀಟರು ನೀರಿಗೆ 50 ಗ್ರಾಂ ಬೇವಿನ ಬೀಜದ ಪುಡಿಯನ್ನು ರಾತ್ರಿಯೆಲ್ಲ ನೆನೆಸಿ, ಸೋಸಿ ಸಿಂಪಡಿಸುವುದು: ಇಷ್ಟನ್ನು ಬಿಡದೆ ಮಾಡಿದ್ದರಿಂದ ಅರ್ಧಕ್ಕಿಂತ ಹೆಚ್ಚು ಕಾಯಿ ಎಣ್ಣೆಗಾಯಿಗೆ ದಕ್ಕಿತು. ಟೊಮೆಟೊ ಮಾತ್ರ ಮುರುಟುರೋಗಕ್ಕೆ ಆಹುತಿ.

ಕಸವೆಂದು ಕಿತ್ತದ್ದು

ಈ ವರ್ಷದ ನಿಜವಾದ ಸಂಪತ್ತು ಬಿತ್ತದೆಯೇ ಬಂದದ್ದೆಂದು ನನ್ನ ಅಭಿಪ್ರಾಯ. ಒಂದು ದಿನ ಅಕ್ಕ ಕುರುಪಿ ಹಿಡಿದು ಕಳೆ ತೆಗೆಯುತ್ತಿದ್ದಾಗ ಹಿತ್ತಿಲ ಬಾಗಿಲಲ್ಲಿ ಕುಳಿತಿದ್ದ ಅತ್ತೆಯವರು ಕೂಗಿದರು: "ಯವ್ವಾ, ಅದನ್ನ ಒಗೀಬ್ಯಾಡ, ಹಕ್ಕರಕಿ ಐತಿ ಅದು!" ರಾಶಿಯೊಳಗಿಂದ ಒಂದೊಂದನ್ನೇ ಆರಿಸಿ ತೋರಿಸಿದರು. ಹಕ್ಕರಿಕೆ ಹಸಿಯಾಗಿಯೇ ರೊಟ್ಟಿಗೆ, ರಾಜಗಿರಿ ಬೇಳೆಗೆ. ಆ ಸಂಜೆ ಬಿಸಿ ಜೋಳದ ರೊಟ್ಟಿ, ಹಕ್ಕರಿಕೆ, ಶೇಂಗಾ ಹಿಂಡಿ, ಮೊಸರುಗಳ ಊಟವಾದ ಮೇಲೆ ಭಾವನವರು ಗಜ್ಜರಿಯ ಮಾತೆತ್ತಲಿಲ್ಲವಂತೆ.

ಹಸ್ತ ಮಳೆಯ ಬಳಿಕ ಅತ್ತೆಯವರದೇ ಆಡಳಿತ. ನೀರನ್ನು ತಿಂಗಳುಗಟ್ಟಲೆ ಒಡಲಲ್ಲಿಟ್ಟುಕೊಳ್ಳುವುದು ಎರೆಮಣ್ಣಿನ ದೊಡ್ಡ ಗುಣ. ಅವರು ಹೇಳಿದಂತೆ ಕಡಲೆ, ಕುಸುಬೆಗಳನ್ನು ಸಾಲಾಗಿ ಬಿತ್ತಲಾಯಿತು. ಒಂದು ಕೊಡ ನೀರನ್ನೂ ಹಾಕದೆ ಎಳೆಯ ಕಡಲೆಸೊಪ್ಪು, ಕುಸುಬೆ ಪಲ್ಲೆ ದಿನ ಬಿಟ್ಟು ದಿನ ಅಡುಗೆಮನೆಗೆ ಬಂದವು. ಇದೇ ತಾಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಮಹಿಳಾ ಸ್ವಸಹಾಯ ಸಂಘಕ್ಕೆ ಸಿರಿಧಾನ್ಯ ಮತ್ತು ನಾಡಬೀಜಗಳ ಕೆಲಸಕ್ಕಾಗಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ 2025ರಲ್ಲಿ ಬಂದಿತು. ಸುದ್ದಿ ಓದಿ ಹೇಳಿದಾಗ ಅತ್ತೆಯವರಿಗೆ ಆಶ್ಚರ್ಯವೇನೂ ಆಗಲಿಲ್ಲ.

ಅಕ್ಕನ ಲೆಕ್ಕದ ಪುಸ್ತಕ ಹೇಳುವಂತೆ ಬೇಲಿ, ಗೊಬ್ಬರ, ಕೂಲಿ ಎಲ್ಲ ಸೇರಿ ವರ್ಷದ ಖರ್ಚು ಹುಟ್ಟುವಳಿಗಿಂತ ಹೆಚ್ಚು. ಬೇಲಿಯ ಖರ್ಚು ಮತ್ತೆ ಬರದೆಂಬುದು ಅವಳ ವಾದ. ಬ್ಯಾಂಕಿನ ಪದ್ಧತಿಯಲ್ಲಿ ಅದನ್ನು ಹಂಚಿ ಬರೆಯಬೇಕೆಂಬುದು ಭಾವನವರದು. ಎಳ್ಳ ಅಮವಾಸ್ಯೆಯ ಬಳಿಕ ಜಾಗ ಕೇಳುತ್ತಿದ್ದವರು ಮತ್ತೆ ಬಂದರು. ಅತ್ತೆಯವರು ಅವರಿಗೆ ಚಹಾ ಕೊಡಿಸಿ, ಹಿತ್ತಲಲ್ಲಿ ಬೆಳೆದ ಕೆಂಪು ಬ್ಯಾಡಗಿ ಮೆಣಸಿನಕಾಯಿಯ ಒಂದು ಪೊಟ್ಟಣ ಕೈಗಿತ್ತರು. ಬೆಲೆಯ ಪ್ರಸ್ತಾಪ ಯಾರಿಂದಲೂ ಬರಲಿಲ್ಲ.

2025ರ ಮಿರಗಕ್ಕೆ ಮುಂಚೆ ದನದ ಕೊಟ್ಟಿಗೆಯ ತಗಡಿಗೆ ದೋಣಿ ಕಟ್ಟಿ, ಕೆಳಗೆ ಒಂದು ಟಾಕಿ ಇರಿಸಿದ್ದಾಯಿತು. ನಾನೂರು ಚದರ ಅಡಿಯ ಆ ತಗಡಿನ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಸುಮಾರು 900 ಲೀಟರು ಸಿಹಿನೀರು. ಅದು ಬೀನ್ಸಿಗೆ ಮೀಸಲು. ಗಜ್ಜರಿಯ ಮಡಿಯಲ್ಲಿ ಈಗ ಪುಂಡಿ ಪಲ್ಲೆ.