ಹೆಪಾರಿನ್ ಕೊಟ್ಟಾಗ ಪ್ಲೇಟ್‌ಲೆಟ್ ಏಕೆ ಇಳಿಯುತ್ತದೆ?

ಹೆಪಾರಿನ್ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ. ಇದನ್ನು ಹೆಚ್ಚಾಗಿ ಹಂದಿಯ ಕರುಳಿನ ಒಳಪದರದಿಂದ ತಯಾರಿಸುತ್ತಾರೆ. ‘ರಕ್ತ ತೆಳುಮಾಡುವ ಮದ್ದು’ ಎಂಬ ಮಾತು ರೂಢಿಯಲ್ಲಿದ್ದರೂ ಅದು ರಕ್ತವನ್ನು ನೀರಾಗಿಸುವುದಿಲ್ಲ, ಆಗಲೇ ಕಟ್ಟಿದ ಹೆಪ್ಪನ್ನು ಕರಗಿಸುವುದೂ ಇಲ್ಲ. ರಕ್ತದಲ್ಲೇ ಇರುವ ಆಂಟಿಥ್ರಾಂಬಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡು ಅದರ ಕೆಲಸವನ್ನು ಸುಮಾರು ಸಾವಿರ ಪಟ್ಟು ಚುರುಕಾಗಿಸುತ್ತದೆ. ಆಗ ರಕ್ತ ಹೆಪ್ಪುಗಟ್ಟಿಸುವ ಥ್ರಾಂಬಿನ್ ಸುಮ್ಮನಾಗಿ, ಹೆಪ್ಪಿನ ಬಲೆ ಹೆಣೆಯುವ ಫೈಬ್ರಿನ್ ಎಳೆಗಳು ಹುಟ್ಟುವುದಿಲ್ಲ.

ಕೆಲವೇ ರೋಗಿಗಳಲ್ಲಿ ಇದೇ ಮದ್ದು ತಿರುಗಿಬೀಳುತ್ತದೆ. ಪ್ಲೇಟ್‌ಲೆಟ್‌ಗಳು ಹೊರಬಿಡುವ ಪಿಎಫ್4 ಎಂಬ ಪ್ರೋಟೀನಿನೊಂದಿಗೆ ಹೆಪಾರಿನ್ ಸೇರಿದಾಗ ದೇಹ ಆ ಜೋಡಿಯನ್ನು ಹೊರಗಿನ ಶತ್ರುವೆಂದು ಭಾವಿಸಿ ಪ್ರತಿಕಾಯಗಳನ್ನು ತಯಾರಿಸುತ್ತದೆ. ಅವು ಪ್ಲೇಟ್‌ಲೆಟ್‌ಗಳನ್ನೇ ಕೆರಳಿಸುತ್ತವೆ; ಕೆರಳಿದವು ಹೆಪ್ಪುಗಟ್ಟುತ್ತ ಖರ್ಚಾಗುವುದರಿಂದ ಎಣಿಕೆ ಇಳಿಯುತ್ತದೆ. ಮೊದಲ ದಿನ 2.4 ಲಕ್ಷವಿದ್ದ ಎಣಿಕೆ ಏಳನೆಯ ದಿನ 90 ಸಾವಿರಕ್ಕೆ ಇಳಿದಿದ್ದರೆ ಅನುಮಾನಪಡಲೇಬೇಕು. 5ರಿಂದ 10 ದಿನಗಳ ನಡುವೆ ಅರ್ಧಕ್ಕಿಂತ ಹೆಚ್ಚು ಇಳಿಯುವುದು ಈ ಪ್ರತಿಕ್ರಿಯೆಯ ಗುರುತು. ಪ್ಲೇಟ್‌ಲೆಟ್ ಕಡಿಮೆಯಾದರೆ ರಕ್ತಸ್ರಾವದ ಭಯ ಸಹಜ. ಇಲ್ಲಿ ಮಾತ್ರ ದೊಡ್ಡ ಅಪಾಯ ಕಾಲಿನ ರಕ್ತನಾಳದಲ್ಲೋ ಶ್ವಾಸಕೋಶದಲ್ಲೋ ಹೊಸ ಹೆಪ್ಪು ಕಟ್ಟುವುದು.

ಅನುಮಾನ ಬಲವಾದ ಕೂಡಲೇ ಹೆಪಾರಿನ್ ನಿಲ್ಲಿಸಬೇಕು. ಸಲೈನ್ ಕೊಳವೆ ಕಟ್ಟಿಕೊಳ್ಳದಿರಲೆಂದು ಹಾಯಿಸುವ ನಾಲ್ಕು ಹನಿಯೂ ಬೇಡ, ಮರೆತುಹೋಗುವುದು ಇದೇ. ಹಾಗೆಂದು ಬರೀ ನಿಲ್ಲಿಸಿದರೆ ಸಾಲದು, ಹೆಪ್ಪು ತಡೆಯಲು ಅರ್ಗಟ್ರೋಬಾನ್‌ನಂಥ ಬೇರೆ ಔಷಧ ಬೇಕಾಗುತ್ತದೆ. ವಾರ್ಫರಿನ್ ಮಾತ್ರೆಯನ್ನು ಎಣಿಕೆ ಚೇತರಿಸಿಕೊಂಡ ಮೇಲೆಯೇ ಶುರುಮಾಡುತ್ತಾರೆ. ಹೆಚ್ಚಿನವರಲ್ಲಿ ಪ್ರತಿಕಾಯಗಳು ಸುಮಾರು ಮೂರು ತಿಂಗಳಲ್ಲಿ ಮರೆಯಾಗುತ್ತವೆ.